ಡಾರ್ಕ್ ಚಾಕೊಲೇಟ್ ಬಾರ್ ಒಂದೇ ರಾತ್ರಿ ಖಾಲಿ. ನೀವೆಲ್ಲ ಹೇಗೆ ನಿಲ್ಲಿಸ್ತೀರಿ?

ವಿದ್ಯಾನಗರ ವಾಕರ್:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ನಾಚಿಕೆಯ ವಿಷಯ, ಆದರೂ ಕೇಳಿಯೇ ಬಿಡುತ್ತೇನೆ. ಹೋದ ವಾರ ತಂಗಿ ಗಂಡ ಬೆಂಗಳೂರಿನಿಂದ ಬರುವಾಗ ಎರಡು ಚಾಕೊಲೇಟ್ ಬಾರ್ ತಂದರು. ಒಂದೊಂದೂ 60 ಗ್ರಾಂ, 70% ಕೋಕೋ. ಹೊರಗೆ ಚಂದದ ಕಾಗದ, ಒಳಗೆ ಬಂಗಾರದ ಬಣ್ಣದ ಹಾಳೆ. ಹಿಂದೆ ತಿರುಗಿಸಿ ಬೆಲೆ ನೋಡಿದೆ. ಆ ದುಡ್ಡಲ್ಲಿ ಮನೆಮಂದಿಯೆಲ್ಲ ಬೆಣ್ಣೆದೋಸೆ ತಿಂದು ಮೇಲೆ ಕಾಫಿ ಕುಡಿದು ಬರಬಹುದಿತ್ತು.

ನನಗೆ 43 ವರ್ಷ. ಮೂರು ತಿಂಗಳ ಹಿಂದೆ ಎಚ್‌ಬಿಎ1ಸಿ, ಅಂದರೆ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ, 6.0 ಬಂತು. "ಇನ್ನೂ ಸಕ್ಕರೆ ಕಾಯಿಲೆ ಅಲ್ಲ, ಆದರೆ ಹೊಸ್ತಿಲಿಗೆ ಬಂದು ನಿಂತಿದೆ" ಎಂದರು ಡಾಕ್ಟರ್. ಅವತ್ತಿನಿಂದ ಜಿಲೇಬಿ ಬಿಟ್ಟೆ, ಬೇಕರಿ ಕಡೆ ತಲೆ ಹಾಕಿಲ್ಲ, ಬೆಳಿಗ್ಗೆ ಕುಂದುವಾಡ ಕೆರೆ ಸುತ್ತುತ್ತೇನೆ. ಡಾರ್ಕ್ ಚಾಕೊಲೇಟ್ ಹಾರ್ಟಿಗೆ ಒಳ್ಳೇದು ಅಂತ ಎಲ್ಲ ಕಡೆ ಬರೆದಿರುತ್ತಾರೆ ಅಲ್ವಾ, ಹಾಗಾಗಿ ರಾತ್ರಿ ಊಟ ಆದ ಮೇಲೆ ಮ್ಯಾಚ್ ನೋಡುತ್ತಾ ಧೈರ್ಯವಾಗಿ ಒಂದು ತುಂಡು ಮುರಿದೆ, ಆಮೇಲೆ ಇನ್ನೊಂದು, ವಿಕೆಟ್ ಬಿದ್ದಾಗ ಬೇಜಾರಿಗೆ ಒಂದು, ಸಿಕ್ಸರ್ ಹೊಡೆದಾಗ ಖುಷಿಗೆ ಒಂದು, ಹನ್ನೆರಡನೇ ಓವರಿಗೆ ಕೈಗೆ ಬರೀ ಹಾಳೆ ಸಿಕ್ಕಿತು. "ರುಚಿ ಹೇಗಿತ್ತು?" ಅಂತ ಹೆಂಡತಿ ಕೇಳಿದಳು. ನಿಜ ಹೇಳ್ತೀನಿ, ನೆನಪೇ ಇಲ್ಲ.

ರಾತ್ರಿ ಒಂದೂವರೆ ತನಕ ನಿದ್ದೆಯೂ ಬರಲಿಲ್ಲ. ಇನ್ನೊಂದು ಬಾರ್ ಹಾಗೇ ಇದೆ. ಅದನ್ನು ಒಂದು ವಾರ ಬರುವ ಹಾಗೆ ತಿನ್ನುವುದು ಹೇಗೆ? "ಮನಸ್ಸು ಗಟ್ಟಿ ಮಾಡ್ಕೊಳ್ಳಿ" ಅಂತ ಮಾತ್ರ ಹೇಳಬೇಡಿ, ಅದು ನನ್ನ ಹತ್ತಿರ ಇಲ್ಲ.

ನರ್ಗಿಸ್ ಮಂಡಕ್ಕಿ:
ಅಣ್ಣಾ, ಸುಲಭ. ಬಾರ್ ನಮ್ಮ ಮನೆಗೆ ಕಳಿಸಿ. ರಾಮ್ ಅಂಡ್ ಕೋ ಸರ್ಕಲ್ ಹತ್ತಿರ ಬಂದರೆ ನಾನೇ ಬಂದು ಇಸ್ಕೋತೀನಿ.

ಸಣ್ಣತುಂಡು:
ನಿಮ್ಮ ಕಥೆ ಓದಿ ನಗು ಬಂತು ಸರ್, ಯಾಕೆಂದರೆ ಆರು ವರ್ಷದ ಹಿಂದೆ ನಾನೂ ಹೀಗೇ ಇದ್ದೆ. ಈಗ 60 ಗ್ರಾಂ ಬಾರ್ ನನಗೆ ಹತ್ತು ಹನ್ನೆರಡು ದಿನ ಬರುತ್ತದೆ. ಮನಸ್ಸೇನೂ ಗಟ್ಟಿಯಾಗಿಲ್ಲ. ತಿನ್ನುವ ರೀತಿ ಬದಲಾಯಿತು, ಅಷ್ಟೇ.

ಮೊದಲನೆಯದು, ಟಿವಿ ಮುಂದೆ ಬೇಡ. ಎರಡನೆಯದು, ಅಗಿಯಬೇಡಿ. ಒಂದು ತುಂಡು, ಹೆಬ್ಬೆರಳಿನ ಉಗುರಿನಷ್ಟು ಸಾಕು, ಮುರಿಯಿರಿ. ಒಳ್ಳೆಯ ಚಾಕೊಲೇಟ್ ಆದರೆ ಒಣ ಕಡ್ಡಿ ಮುರಿದ ಹಾಗೆ ಟಕ್ ಎನ್ನುತ್ತದೆ. ಮೂಗಿನ ಹತ್ತಿರ ಹಿಡಿಯಿರಿ. ಆಮೇಲೆ ನಾಲಿಗೆ ಮೇಲಿಟ್ಟು ಬಾಯಿ ಮುಚ್ಚಿ ಸುಮ್ನೆ ಇರಿ. ಮೊದಲು ಏನೂ ಗೊತ್ತಾಗಲ್ಲ, ಮೇಣ ಇಟ್ಟ ಹಾಗಿರುತ್ತದೆ. ಸ್ವಲ್ಪ ಹೊತ್ತಿಗೆ ಅಂಚು ಕರಗುತ್ತದೆ. ಆಗ ಮೊದಲು ಬರುವುದು ಹುಳಿ, ನೇರಳೆ ಹಣ್ಣಿನ ಹುಳಿ ಇದ್ದಂತೆ. ಅದರ ಹಿಂದೆ ಕಾಫಿಬೀಜ ಹುರಿದ ಕಹಿ, ಕೊನೆಗೆ ಪಾಕ ಸ್ವಲ್ಪ ಜಾಸ್ತಿ ಕಾದ ಬೆಲ್ಲದ ರುಚಿ. ಒಮ್ಮೆ ಗಡಿಯಾರ ಇಟ್ಟು ನೋಡಿದೆ, ಒಂದು ತುಂಡು ಪೂರ್ತಿ ಕರಗಲು ಎರಡೂವರೆ ನಿಮಿಷ. ಎರಡು ತುಂಡಿಗೆ ಐದು ನಿಮಿಷ. ಮೂರನೆಯದು ಬೇಕು ಅನಿಸುವಷ್ಟರಲ್ಲಿ ಬಾಯಿಗೇ ಸಾಕಾಗಿರುತ್ತದೆ.

ನೀವು ದುಬಾರಿ ಚಾಕೊಲೇಟನ್ನು ಮಂಡಕ್ಕಿ ತಿಂದ ಹಾಗೆ ತಿಂದಿದ್ದೀರಿ. ಮಂಡಕ್ಕಿ ಮುಕ್ಕಬೇಕು, ಅದರ ಸುಖವೇ ಅದು. ಇದು ಬೇರೆ ಜಾತಿ.

ಸಿಸ್ಟರ್ ಅಕ್ಕ:
ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆಯವರನ್ನು ದಿನವೂ ನೋಡುವವಳು ನಾನು, ಸ್ವಲ್ಪ ಲೆಕ್ಕ ಹೇಳ್ತೀನಿ. 70% ಅಂದರೆ ಆ ಬಾರಿನಲ್ಲಿ ನೂರಕ್ಕೆ 70 ಭಾಗ ಕೋಕೋ ಬೀಜದಿಂದ ಬಂದದ್ದು, ಅದರ ಬೆಣ್ಣೆಯೂ ಸೇರಿ. ಉಳಿದದ್ದು ಹೆಚ್ಚುಕಮ್ಮಿ ಸಕ್ಕರೆ. 60 ಗ್ರಾಂ ಬಾರಿಗೆ ಸುಮಾರು 18 ಗ್ರಾಂ ಸಕ್ಕರೆ ಆಯಿತು, ನಾಲ್ಕು ಚಮಚಕ್ಕೂ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು ಏನೆಂದರೆ, ಹೊರಗಿನಿಂದ ಹಾಕಿದ ಸಕ್ಕರೆ ದಿನದ ಒಟ್ಟು ಕ್ಯಾಲರಿಯ 10%ಗಿಂತ ಕಡಿಮೆ ಇರಬೇಕು, 5%ಗಿಂತ ಕೆಳಗಿದ್ದರೆ ಇನ್ನೂ ಒಳ್ಳೇದು. 5% ಅಂದರೆ ದೊಡ್ಡವರಿಗೆ ಸುಮಾರು 25 ಗ್ರಾಂ. ನೀವು ಹನ್ನೆರಡು ಓವರಿನಲ್ಲಿ 18 ಮುಗಿಸಿದ್ದೀರಿ. ಬೆಳಗಿನ ಕಾಫಿ, ಸಂಜೆ ಟೀಗೆ ಹಾಕಿದ್ದನ್ನೂ ಸೇರಿಸಿ ನೋಡಿ.

ಸಕ್ಕರೆಗಿಂತ ಜಾಸ್ತಿ ಇರುವುದು ಕೊಬ್ಬು. 60 ಗ್ರಾಂ ಅಂದರೆ ಮುನ್ನೂರಕ್ಕೂ ಮೇಲೆ ಕ್ಯಾಲರಿ. ನಿದ್ದೆ ಬರದ್ದಕ್ಕೂ ಕಾರಣ ಇರಬಹುದು. ಕೋಕೋದಲ್ಲಿ ಕೆಫೀನ್ ಇದೆ, ಅದರ ತಮ್ಮನಂಥ ಥಿಯೋಬ್ರೊಮಿನ್ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಇದೆ. ತಿನ್ನುವುದಿದ್ದರೆ ಮಧ್ಯಾಹ್ನ ಊಟದ ಹಿಂದೆಯೇ ತಿನ್ನಿ.

ವಿದ್ಯಾನಗರ ವಾಕರ್:
ಸಿಸ್ಟರ್, ಹಾರ್ಟಿಗೆ ಒಳ್ಳೇದು ಅನ್ನುವುದು ಸುಳ್ಳಾ ಹಾಗಾದರೆ?

ಸಿಸ್ಟರ್ ಅಕ್ಕ:
ಪೂರ್ತಿ ಸುಳ್ಳಲ್ಲ, ಎಳೆದು ಉದ್ದ ಮಾಡಿದ್ದು. ಕೋಕೋದಲ್ಲಿ ಫ್ಲಾವನಾಲ್ ಎಂಬ ವಸ್ತು ಇದೆ, ರಕ್ತನಾಳ ಸಡಿಲವಾಗಲು ಸ್ವಲ್ಪ ಸಹಾಯ ಮಾಡುತ್ತದೆ. ಅಮೆರಿಕದಲ್ಲಿ ಕಾಸ್ಮೋಸ್ ಅಂತ ದೊಡ್ಡ ಪ್ರಯೋಗ ನಡೆಯಿತು, 21 ಸಾವಿರಕ್ಕೂ ಹೆಚ್ಚು ಜನ, 2022ರಲ್ಲಿ ಫಲಿತಾಂಶ ಬಂತು. ಹೃದಯ, ರಕ್ತನಾಳದ ತೊಂದರೆಗಳು ಒಟ್ಟಾರೆ ಕಡಿಮೆಯಾದವು ಎಂದು ಖಚಿತವಾಗಿ ಹೇಳಲು ಆಗಲಿಲ್ಲ. ಹೃದ್ರೋಗದ ಸಾವು ಕಡಿಮೆ ಕಂಡಿತು, ಆದರೆ ಅವರು ಮುಖ್ಯವಾಗಿ ಅಳೆಯಲು ಹೊರಟಿದ್ದು ಅದಲ್ಲ. ಇನ್ನೊಂದು, ಅವರಿಗೆ ಕೊಟ್ಟಿದ್ದು ಕ್ಯಾಪ್ಸೂಲ್, ದಿನಕ್ಕೆ 500 ಮಿಲಿಗ್ರಾಂ ಫ್ಲಾವನಾಲ್. ಸಕ್ಕರೆ ಬೆರೆಸಿದ ಬಾರ್ ಅಲ್ಲ. ಬೀಜ ಹುಳಿ ಬರಿಸುವಾಗ, ಹುರಿಯುವಾಗ ಫ್ಲಾವನಾಲ್ ಅರ್ಧಂಬರ್ಧ ಹೋಗಿರುತ್ತದೆ. ಔಷಧಿ ಅಂತ ತಿನ್ನಬೇಡಿ ಸರ್. ಔಷಧಿ ಅಂದುಕೊಂಡರೆ ಕೈ ನಿಲ್ಲಲ್ಲ.

ವಿದ್ಯಾನಗರ ವಾಕರ್:
ಈ ಕೊನೆಯ ಮಾತು ಸರಿಯಾಗಿ ಬಿತ್ತು. ಯೋಚಿಸಿ ನೋಡಿದೆ, ಅದೇ ಅಳತೆಯ ಮೈಸೂರ್ ಪಾಕ್ ಮುಂದಿದ್ದರೆ ನಾನು ಒಂದಕ್ಕೇ ಹೆದರಿ ನಿಲ್ಲಿಸುತ್ತಿದ್ದೆ. ಇದು "ಒಳ್ಳೇದು" ಅಂತ ಇತ್ತಲ್ಲ, ಹೆದರಿಕೆಯೇ ಇರಲಿಲ್ಲ.

ಡಿಕಾಕ್ಷನ್:
ನಾನು ಜಾಣ ಅಂದುಕೊಂಡು ಶುಗರ್ ಫ್ರೀ ಚಾಕೊಲೇಟ್ ತಂದಿದ್ದೆ. ಸಕ್ಕರೆ ಬದಲು ಮಾಲ್ಟಿಟಾಲ್ ಅನ್ನುವ ಸಿಹಿ ಹಾಕಿರುತ್ತಾರೆ. ಸಕ್ಕರೆ ಇಲ್ಲವಲ್ಲ ಅಂತ ಮುಕ್ಕಾಲು ಬಾರ್ ತಿಂದು ಹರಿಹರಕ್ಕೆ ಬಸ್ ಹತ್ತಿದೆ. ಮುಂದಿನದು ಬರೆಯುವಂಥದ್ದಲ್ಲ. ಹೊಟ್ಟೆ ಗುಡುಗುಡು ಅಂದ ಸದ್ದು ಡ್ರೈವರಿಗೂ ಕೇಳಿಸಿರಬೇಕು. ಆಮೇಲೆ ಪೊಟ್ಟಣ ತಿರುಗಿಸಿ ನೋಡಿದರೆ, ಜಾಸ್ತಿ ತಿಂದರೆ ಭೇದಿ ಆಗಬಹುದು ಅಂತ ಇರುವೆ ಕಾಲಿನಷ್ಟು ಅಕ್ಷರದಲ್ಲಿ ಹಾಕಿದ್ದಾರೆ.

ಸಿಸ್ಟರ್ ಅಕ್ಕ:
ಮಾಲ್ಟಿಟಾಲ್ ಕೂಡ ರಕ್ತದ ಸಕ್ಕರೆಯನ್ನು ಸ್ವಲ್ಪ ಏರಿಸುತ್ತದೆ ಅಣ್ಣಾ, ಸಕ್ಕರೆಯಷ್ಟಲ್ಲ, ಆದರೆ ಸೊನ್ನೆಯೂ ಅಲ್ಲ.

ಪಂಚಮಿ ಉಂಡಿ:
ಇಷ್ಟೆಲ್ಲ ಲೆಕ್ಕ ಯಾಕಪ್ಪಾ. ನಮ್ಮ ಕಾಲದಲ್ಲಿ ಸಿಹಿಗೆ ಒಂದು ದಿನ ಅಂತ ಇತ್ತು. ನಾಗರ ಪಂಚಮಿಗೆ ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು. ಯುಗಾದಿಗೆ ಹೋಳಿಗೆ. ಮದುವೆಗೆ ಗೋಧಿ ಹುಗ್ಗಿ. ಮಧ್ಯೆ ಯಾರೂ ಸಿಹಿ ಅಂತ ಕುಣೀತಿರಲಿಲ್ಲ. ಈಗ ಕ್ಲಾಸಿನಲ್ಲಿ ಮೂವತ್ತು ಮಕ್ಕಳಿದ್ದರೆ ಮೂವತ್ತು ಬರ್ತ್‌ಡೇ, ದಿನಾ ಬ್ಯಾಗಲ್ಲಿ ಚಾಕೊಲೇಟ್ ಬರುತ್ತೆ. ಮೊಮ್ಮಗಳ ಯೂನಿಫಾರ್ಮ್ ಜೇಬು ತೊಳೆದು ತೊಳೆದು ಸಾಕಾಗಿದೆ ನನಗೆ. ಹಿಂದಿನವರಿಗೆ ಹಿತಮಿತ ಅನ್ನೋದು ತಾನಾಗೇ ಗೊತ್ತಿತ್ತು.

ನರ್ಗಿಸ್ ಮಂಡಕ್ಕಿ:
ಅಜ್ಜೀ, ಕಾಲಿಗೆ ಬಿದ್ದೆ, ಆದರೆ ಕೊನೆಯ ಮಾತು ಒಪ್ಪಲ್ಲ. ದುಗ್ಗಮ್ಮನ ಜಾತ್ರೆಯಲ್ಲಿ ನಮ್ಮ ತಾತ ಹೋಳಿಗೆ ಎಣಿಸಿ ತಿನ್ನುತ್ತಿದ್ದರು, ಕಡಿಮೆ ಮಾಡಲಿಕ್ಕಲ್ಲ, ಅಣ್ಣನಿಗಿಂತ ಒಂದು ಜಾಸ್ತಿ ಆಗಲಿ ಅಂತ. ಒಂದೊಂದಕ್ಕೂ ಮಿಳ್ಳೆ ತುಪ್ಪ. ಹಿತಮಿತ ಇರಲಿಲ್ಲ ಅಜ್ಜಿ, ದುಡ್ಡಿರಲಿಲ್ಲ. ಸಿಕ್ಕ ದಿನ ಬಿಡುತ್ತಿರಲಿಲ್ಲ.

ಪಂಚಮಿ ಉಂಡಿ:
ಅದೂ ನಿಜ ಬಿಡು. ನಮ್ಮ ಮನೆಯವರು ಒಂದು ಮದುವೆಯಲ್ಲಿ ಪಂತ ಕಟ್ಟಿ ಇಪ್ಪತ್ತೆರಡು ಲಾಡು ತಿಂದಿದ್ದರು. ಆದರೆ ಮಾರನೇ ದಿನ ಹೊಲಕ್ಕೆ ಹೋಗಿ ಕುಂಟೆ ಹೊಡೆದರು ಮಗಾ. ನೀವು ಸೋಫಾಕ್ಕೆ ಹೋಗ್ತೀರಿ.

ಚನ್ನಗಿರಿ ಅಡಿಕೆ:
ಚಾಕೊಲೇಟ್ ಮಾತಿಗೆ ತೋಟದವನೂ ಒಂದು ಮಾತು ಸೇರಿಸ್ತೀನಿ. ನಮ್ಮ ಕಡೆ ಅಡಿಕೆ ಮಧ್ಯೆ ಬಾಳೆ, ಮೆಣಸು ಜಾಸ್ತಿ, ಕೋಕೋ ಕಡಿಮೆ. ಭಾವನ ಮನೆ ಪುತ್ತೂರು ಹತ್ತಿರ, ಅಲ್ಲಿಂದ ಹನ್ನೆರಡು ಗಿಡ ತಂದು ಹಾಕಿದ್ದೆ, ಎಂಟು ಉಳಿದಿವೆ. ಕಾಯಿ ಕಾಂಡಕ್ಕೇ ಅಂಟಿಕೊಂಡು ಬಿಡುತ್ತದೆ, ಹಲಸಿನ ಹಾಗೆ. ಹಣ್ಣಾದ ಮೇಲೆ ಒಡೆದರೆ ಒಳಗೆ ಮೂವತ್ತು ನಲವತ್ತು ಬೀಜ, ಸೀತಾಫಲದ ಹಾಗೆ ಬಿಳಿ ಲೋಳೆ ಸುತ್ತಿರುತ್ತದೆ. ಆ ಲೋಳೆ ಚೀಪಿದರೆ ಹುಳಿಸಿಹಿ, ಬಹಳ ರುಚಿ. ಚಾಕೊಲೇಟಿನ ವಾಸನೆಯೇ ಇರಲ್ಲ. ಹಸಿ ಬೀಜ ಕಚ್ಚಿದರೆ ಕಹಿ, ಒಗರು, ಒಳಗೆ ನೇರಳೆ ಬಣ್ಣ.

ಐದಾರು ದಿನ ಬಾಳೆ ಎಲೆ ಮುಚ್ಚಿ ಹುಳಿ ಬರಿಸಬೇಕು, ರಾಶಿ ಒಳಗೆ ಕೈ ಹಾಕಿದರೆ ಬಿಸಿ ಬಿಸಿ. ಆಮೇಲೆ ಬಿಸಿಲಲ್ಲಿ ಒಣಗಿಸಿ ಹುರಿದರೆ ಆಗ ಬರುತ್ತದೆ ನಿಮ್ಮ ಚಾಕೊಲೇಟಿನ ವಾಸನೆ. ಒಣಗಿದ ಬೀಜ ಒಂದು ಗ್ರಾಂ ಆಸುಪಾಸು ತೂಗುತ್ತದೆ, ಸಿಪ್ಪೆ ಬೇರೆ ಹೋಗುತ್ತದೆ. ನಿಮ್ಮ 60 ಗ್ರಾಂ ಬಾರಿಗೆ ಐವತ್ತು ಬೀಜ ಬೇಕಾಗಿರಬಹುದು, ಅಂದರೆ ಒಂದೂವರೆ ಕಾಯಿ. ನನ್ನ ಗಿಡದಲ್ಲಿ ಒಂದೂವರೆ ಕಾಯಿ ಇಲಿ, ಅಳಿಲಿನ ಬಾಯಿಂದ ಉಳಿಸಲು ನಾನು ಪಡುವ ಪಾಡು ನೋಡಿದರೆ ನೀವು ಹನ್ನೆರಡು ಓವರಿನಲ್ಲಿ ಮುಗಿಸುತ್ತಿರಲಿಲ್ಲ.

ಸಣ್ಣತುಂಡು:
ಚನ್ನಗಿರಿ ಅಣ್ಣಾ, ಬೀಜ ಎಲ್ಲಿಗೆ ಕೊಡ್ತೀರಿ?

ಚನ್ನಗಿರಿ ಅಡಿಕೆ:
ಎಂಟು ಗಿಡಕ್ಕೆ ಕೊಡುವಷ್ಟು ಎಲ್ಲಿ ಬರಬೇಕಕ್ಕಾ. ಒಣಗಿಸಿ ಭಾವನಿಗೆ ಕಳಿಸ್ತೀನಿ, ಅವರದ್ದರ ಜೊತೆ ಕ್ಯಾಂಪ್ಕೊಗೆ ಹೋಗುತ್ತದೆ. 1973ರಲ್ಲಿ ಅಡಿಕೆ ಬೆಳೆಗಾರರಿಗೆ ಅಂತ ಆದ ಸಹಕಾರಿ ಅದು, ಕೋಕೋ ಆಮೇಲೆ ಸೇರಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಫ್ಯಾಕ್ಟರಿಯನ್ನೇ ಹಾಕಿದರು. 2024ರಲ್ಲಿ ಜಗತ್ತಿನ ಮಾರುಕಟ್ಟೆಯಲ್ಲಿ ಕೋಕೋ ಟನ್ನಿಗೆ 10 ಸಾವಿರ ಡಾಲರ್ ದಾಟಿತಲ್ಲ, ಪಶ್ಚಿಮ ಆಫ್ರಿಕದಲ್ಲಿ ಬೆಳೆ ಕೆಟ್ಟು, ಆವಾಗ ಭಾವ ದಿನಾ ಬೆಳಿಗ್ಗೆ ರೇಟ್ ಹೇಳಲಿಕ್ಕೇ ಫೋನ್ ಮಾಡುತ್ತಿದ್ದರು. ಇಳಿದ ಮೇಲೆ ಫೋನೂ ಇಳಿಯಿತು.

ವಿದ್ಯಾನಗರ ವಾಕರ್:
ಒಂದು ಅನಾಹುತ ಆಗಿದೆ. ರಾತ್ರಿ ಕೈಗೆ ಸಿಗಬಾರದು ಅಂತ ಎರಡನೇ ಬಾರನ್ನು ಸ್ಕೂಟರ್ ಡಿಕ್ಕಿಯಲ್ಲಿ ಇಟ್ಟಿದ್ದೆ. ಅಲ್ಲೇ ಮರೆತೆ. ಮಧ್ಯಾಹ್ನ ಪಿ.ಜೆ. ಬಡಾವಣೆಯಲ್ಲಿ ಗಾಡಿ ಬಿಸಿಲಿಗೆ ನಿಂತಿತ್ತು, ನಮ್ಮೂರ ಏಪ್ರಿಲ್ ಗೊತ್ತಲ್ಲ. ಸಂಜೆ ತೆಗೆದರೆ ಪೊಟ್ಟಣ ನೀರಿನ ಚೀಲದ ಹಾಗೆ ಬಳುಕುತ್ತಿತ್ತು. ಫ್ರಿಜ್ಜಿನಲ್ಲಿಟ್ಟೆ. ಎರಡು ದಿನ ಬಿಟ್ಟು ಬಿಚ್ಚಿದರೆ ಗಟ್ಟಿ ಆಗಿದೆ, ಆದರೆ ಮೇಲೆಲ್ಲ ಬೂದಿ ಬಳಿದಂತೆ ಬಿಳಿ. ಬೂಷ್ಟಾ? ಎಸೆಯಲಾ?

ಓವನ್ ಮುಂದೆ:
ಎಸೀಬೇಡಿ ಸರ್! ನಾನು ಬೇಕರಿಯಲ್ಲೇ ಕೆಲಸ ಮಾಡೋದು. ಅದು ಬೂಷ್ಟು ಅಲ್ಲ, ಕೋಕೋ ಬೆಣ್ಣೆ ಮೇಲೆ ಬಂದು ಕೂತಿದೆ, ನಾವು ಬ್ಲೂಮ್ ಅಂತೀವಿ. ಕೋಕೋ ಬೆಣ್ಣೆ 34 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ, ಅದಕ್ಕೇ ಅದು ಬಾಯಲ್ಲಿ ಕರಗೋದು, ಅದಕ್ಕೇ ನಿಮ್ಮ ಡಿಕ್ಕಿಯಲ್ಲೂ ಕರಗಿತು. ಕರಗಿ ಹೇಗೆ ಬೇಕೋ ಹಾಗೆ ಗಟ್ಟಿಯಾದರೆ ಹರಳು ಸರಿಯಾಗಿ ಕಟ್ಟಲ್ಲ. ಸರಿಯಾಗಿ ಕಟ್ಟಬೇಕೆಂದರೆ ಟೆಂಪರ್ ಮಾಡಬೇಕು. ಡಾರ್ಕ್ ಚಾಕೊಲೇಟನ್ನು 45 ಡಿಗ್ರಿ ದಾಟಿಸಿ ಕರಗಿಸಿ, 27-28ಕ್ಕೆ ಇಳಿಸಿ, ಮತ್ತೆ 31-32ಕ್ಕೆ ಏರಿಸಬೇಕು. ಬೇಸಿಗೆಯಲ್ಲಿ ನಮ್ಮ ಒಲೆಮನೆಯೇ 38 ಇರುತ್ತದೆ, ಎಲ್ಲಿಂದ ಇಳಿಸೋದು ಹೇಳಿ. ಎಸಿ ರೂಮು ಬೇಕು.

ಹಾಗಾಗಿ ಒಳಗಿನ ಗುಟ್ಟು ಹೇಳ್ತೀನಿ. ಬೇಕರಿಗಳಲ್ಲಿ ಕೇಕಿನ ಮೇಲೆ ಸುರಿಯೋದು ಬಹಳ ಸಲ ಕಾಂಪೌಂಡ್. ಕೋಕೋ ಬೆಣ್ಣೆ ಬದಲು ವನಸ್ಪತಿ ಕೊಬ್ಬು ಇರುತ್ತದೆ, ಟೆಂಪರ್ ಬೇಡ, ಬಿಸಿಲಿಗೂ ಅಷ್ಟು ಬೇಗ ಕರಗಲ್ಲ, ಅಗ್ಗ. ಅದು ಬಾಯಲ್ಲೂ ಪೂರ್ತಿ ಕರಗಲ್ಲ, ಅಂಗುಳಕ್ಕೆ ಜಿಡ್ಡು ಅಂಟಿಕೊಳ್ಳುತ್ತದೆ. ಪೊಟ್ಟಣದ ಹಿಂದೆ ಮೊದಲ ಮೂರು ಹೆಸರು ಓದಿ. ಸಕ್ಕರೆ ಮೊದಲು, ಆಮೇಲೆ ಹೈಡ್ರೋಜನೇಟೆಡ್ ಕೊಬ್ಬು ಅಂತಿದ್ದರೆ ಅದು ನೀವು ಹೇಳುವ ಚಾಕೊಲೇಟ್ ಅಲ್ಲ. ತಿನ್ನಬಾರದು ಅಂತಲ್ಲ, ನಾವೂ ಬದುಕಬೇಕು, ಹುಟ್ಟುಹಬ್ಬಕ್ಕೆ ಒಂದು ತುಂಡು ತಿನ್ನಿ. ಆದರೆ ಡಾರ್ಕ್ ಅಂತ ಮೋಸ ಹೋಗಬೇಡಿ, ಬಣ್ಣ ಕಪ್ಪಿದ್ದ ಮಾತ್ರಕ್ಕೆ ಏನೂ ಅಲ್ಲ.

ನಿಮ್ಮ ಬಾರಿಗೆ ಒಂದು ಉಪಾಯ. ಬಿಸಿನೀರಿನ ಪಾತ್ರೆ ಮೇಲೆ ಬಟ್ಟಲಿಟ್ಟು ಕರಗಿಸಿ, ಒಂದು ಹನಿ ನೀರೂ ಒಳಗೆ ಬೀಳಬಾರದು, ಬಿದ್ದರೆ ಮುದ್ದೆ ಆಗುತ್ತದೆ. ಹುರಿದು ಸಿಪ್ಪೆ ತೆಗೆದ ಶೇಂಗಾ ಒಂದು ಹಿಡಿ, ಬೇಕಿದ್ದರೆ ಗರಿಗರಿ ಮಂಡಕ್ಕಿ ಒಂದು ಹಿಡಿ ಹಾಕಿ ಕಲಸಿ. ಬೆಣ್ಣೆ ಕಾಗದದ ಮೇಲೆ ಚಮಚದಲ್ಲಿ ಸಣ್ಣ ಸಣ್ಣ ಬಿಲ್ಲೆ ಇಟ್ಟು ಫ್ರಿಜ್ಜಿಗೆ ಹಾಕಿ. ಟೆಂಪರ್ ಇಲ್ಲದ್ದರಿಂದ ಹೊಳಪು ಬರಲ್ಲ, ಟಕ್ ಅನ್ನಲ್ಲ. ರುಚಿ ಎಲ್ಲೂ ಹೋಗಲ್ಲ.

ನರ್ಗಿಸ್ ಮಂಡಕ್ಕಿ:
ಮಂಡಕ್ಕಿ ಕೊನೆಗೂ ಗೆದ್ದಿತು. ಮೇಲೊಂದು ಮಿರ್ಚಿ ಇಟ್ಟುಬಿಡಿ.

ಜಗಳೂರು ಎಕ್ಸ್‌ಪ್ರೆಸ್:
ಡಾರ್ಕ್ ಚಾಕೊಲೇಟಲ್ಲಿ ಸೀಸ ಇದೆ, ಕ್ಯಾಡ್ಮಿಯಂ ಇದೆ, ವಿಷ, ವಾಟ್ಸಾಪಲ್ಲಿ ಬಂದಿದೆ. ಎಲ್ಲರೂ ನಿಲ್ಲಿಸಿ.

ಸಣ್ಣತುಂಡು:
ಅರ್ಧ ನಿಜ. ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಅನ್ನುವ ಗ್ರಾಹಕರ ಸಂಸ್ಥೆ ಡಿಸೆಂಬರ್ 2022ರಲ್ಲಿ 28 ಡಾರ್ಕ್ ಬಾರ್ ಪರೀಕ್ಷೆ ಮಾಡಿತ್ತು. ಎಲ್ಲದರಲ್ಲೂ ಸೀಸ, ಕ್ಯಾಡ್ಮಿಯಂ ಸಿಕ್ಕಿತು. 23ರಲ್ಲಿ, ದಿನಾ ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ ತಿಂದರೆ, ಅವರು ಇಟ್ಟುಕೊಂಡ ಮಿತಿ ದಾಟುತ್ತಿತ್ತು. ಕ್ಯಾಡ್ಮಿಯಂ ಮಣ್ಣಿನಿಂದ ಗಿಡಕ್ಕೆ ಬರುತ್ತದೆ, ಸೀಸ ಹೆಚ್ಚಾಗಿ ಬೀಜ ಒಣಗಿಸುವಾಗ ಧೂಳಿನ ಜೊತೆ ಅಂಟುತ್ತದೆ. ವಾರಕ್ಕೆ ಮೂರು ನಾಲ್ಕು ಸಲ ಐದೈದು ಗ್ರಾಂ ತಿನ್ನುವವರು ಗಾಬರಿ ಬೀಳಬೇಕಾಗಿಲ್ಲ. ಬಸುರಿಯರು, ಸಣ್ಣ ಮಕ್ಕಳು ದಿನಾ ತಿನ್ನುವುದು ಬೇಡ. ಕೋಕೋ ಜಾಸ್ತಿ ಇದ್ದಷ್ಟೂ ಒಳ್ಳೇದು ಅಂತ 90%ಗೆ ಹಾರುವವರಿಗೂ ಇದೇ ಮಾತು.

ಗಡಿಯಾರ ಕಂಬ:
ನನಗೆ ಇನ್ಸುಲಿನ್ ಇದೆ. ಶುಗರ್ ಲೋ ಆದರೆ ಇರಲಿ ಅಂತ ಜೇಬಲ್ಲಿ ಸದಾ ಚಾಕೊಲೇಟ್ ಇರುತ್ತೆ. ಈ ನೆಪದಲ್ಲಾದರೂ ತಿನ್ನಬಹುದಲ್ಲ.

ಸಿಸ್ಟರ್ ಅಕ್ಕ:
ದಯವಿಟ್ಟು ಆ ಅಭ್ಯಾಸ ಬಿಡಿ ಸರ್. ಲೋ ಆದಾಗ ಚಾಕೊಲೇಟ್ ಕೆಲಸಕ್ಕೆ ಬರಲ್ಲ. ಅದರ ಕೊಬ್ಬಿನಿಂದ ಸಕ್ಕರೆ ರಕ್ತಕ್ಕೆ ಸೇರುವುದು ತಡ ಆಗುತ್ತದೆ, ಆವಾಗ ನಿಮಗೆ ನಿಮಿಷ ನಿಮಿಷವೂ ಮುಖ್ಯ. ಗ್ಲೂಕೋಸ್ ಪುಡಿ 15 ಗ್ರಾಂ, ಇಲ್ಲವೇ ನೀರಿಗೆ ಮೂರು ಚಮಚ ಸಕ್ಕರೆ ಹಾಕಿ ಕುಡಿಯಿರಿ, 15 ನಿಮಿಷ ಬಿಟ್ಟು ಮತ್ತೆ ಟೆಸ್ಟ್ ಮಾಡಿ, ಇನ್ನೂ 70ರ ಕೆಳಗಿದ್ದರೆ ಇನ್ನೊಮ್ಮೆ. ಜೇಬಲ್ಲಿ ಗ್ಲೂಕೋಸ್ ಇಡಿ. ಚಾಕೊಲೇಟ್ ಆಸೆಗೆ ಬೇರೆ ದಾರಿ ಇದೆ, ನಿಮ್ಮ ಡಾಕ್ಟರ್ ಹತ್ತಿರ ಲೆಕ್ಕ ಹಾಕಿಸಿ ಊಟದ ಜೊತೆ ಸೇರಿಸಿಕೊಳ್ಳಿ.

ಗಡಿಯಾರ ಕಂಬ:
ಹತ್ತು ವರ್ಷದಿಂದ ಯಾರೂ ಹೇಳಿರಲಿಲ್ಲ. ಇವತ್ತೇ ಮೆಡಿಕಲ್ ಶಾಪಿಗೆ ಹೋಗ್ತೀನಿ. ಥ್ಯಾಂಕ್ಸ್ ಅಕ್ಕಾ.

ವಿದ್ಯಾನಗರ ವಾಕರ್:
ಹನ್ನೊಂದು ದಿನ ಆಯಿತು, ವರದಿ ಒಪ್ಪಿಸುತ್ತೇನೆ. ಹೆಂಡತಿ ಬೇಕರಿ ಅಣ್ಣ ಹೇಳಿದ ಹಾಗೆ ಮಾಡಿದಳು. ಬಿಲ್ಲೆ 22 ಬಂದವು, ಸ್ಟೀಲ್ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿ ಸೊಪ್ಪಿನ ಹಿಂದೆ ಇಟ್ಟಳು. ನನಗೆ ಮಧ್ಯಾಹ್ನ ಊಟ ಆದ ಮೇಲೆ ಒಂದು, ಮಗಳಿಗೆ ಒಂದು. ಮೊದಲ ದಿನ ಅಗಿದು ನುಂಗಿಬಿಟ್ಟೆ, ಹಳೇ ಚಾಳಿ. ಎರಡನೇ ದಿನ ಕಣ್ಣು ಮುಚ್ಚಿ ನಾಲಿಗೆ ಮೇಲಿಟ್ಟೆ. ನೇರಳೆ ಹಣ್ಣು ಸಿಗಲಿಲ್ಲ. ನನಗೆ ಸಿಕ್ಕಿದ್ದು ಹುಣಸೆ ಹಣ್ಣು, ಅಜ್ಜಿ ಮನೆಯಲ್ಲಿ ಬೆಲ್ಲ ಜೀರಿಗೆ ಹಾಕಿ ಕುಟ್ಟಿ ಕಡ್ಡಿಗೆ ಚುಚ್ಚಿ ಕೊಡುತ್ತಿದ್ದರಲ್ಲ, ಅದು. ಕೊನೆಗೆ ಒಂದು ಶೇಂಗಾ ಉಳಿಯುತ್ತದೆ, ಅದನ್ನು ಮಾತ್ರ ಅಗಿಯುತ್ತೇನೆ.

ಐದನೇ ದಿನ ಸೋತೆ. ಅತ್ತೆ ಮನೆಯಲ್ಲಿ ಶೇಂಗಾ ಹೋಳಿಗೆ, ಮೂರು ತಿಂದೆ, ಅವತ್ತು ಬಿಲ್ಲೆ ಮುಟ್ಟಲಿಲ್ಲ. ನನ್ನ ಅಮ್ಮ ಒಂದು ಬಾಯಿಗೆ ಹಾಕಿಕೊಂಡು ಮುಖ ಕಿವುಚಿ, "ಕಷಾಯ ಕುಡಿದಂಗೈತಿ, ಇದಕ್ಕೆ ರೊಕ್ಕ ಕೊಟ್ರಾ?" ಎಂದು ಅರ್ಧ ವಾಪಸ್ ಕೊಟ್ಟರು. ಡಬ್ಬಿಯಲ್ಲಿ ಇನ್ನೂ ಮೂರಿವೆ. ಎಚ್‌ಬಿಎ1ಸಿ ಮುಂದಿನ ತಿಂಗಳು, ಅದಕ್ಕೆ ಈ ಬಿಲ್ಲೆಗಿಂತ ಕೆರೆಯ ವಾಕಿಂಗೇ ಉತ್ತರ ಹೇಳಬೇಕು.

ಚನ್ನಗಿರಿ ಅಣ್ಣಾ, ಮಗಳು ಕೋಕೋ ಕಾಯಿ ನೋಡಬೇಕಂತೆ. ಹಣ್ಣಿನ ಲೋಳೆ ಚೀಪಬೇಕಂತೆ. ಭಾನುವಾರ ಬಂದರೆ ಕಾಯಿ ಇರುತ್ತಾ?

ಚನ್ನಗಿರಿ ಅಡಿಕೆ:
ಬನ್ನಿ ಬನ್ನಿ, ಊಟಕ್ಕೇ ಬನ್ನಿ. ಹಣ್ಣಾಗಿರುವುದು ಎರಡಿವೆ. ಶನಿವಾರ ರಾತ್ರಿ ಇಲಿ ಬರದಿದ್ದರೆ ಎರಡೂ ಇರುತ್ತವೆ.